ರುಚಿ ನೋಡದೆ ಕೊಟ್ಟ ಅಂಕಗಳು

ಆ ಬಸ್ಸಾರನ್ನು ನಾನು ರುಚಿ ನೋಡಿರಲಿಲ್ಲ, ಸುಜಾತ. ಒಂದು ಹನಿಯನ್ನೂ ನಾಲಿಗೆಗೆ ತಾಗಿಸಿರಲಿಲ್ಲ. ಹೊಂಗೆ ಮರದ ಹಿಂದಕ್ಕೆ ಹೋಗಿ, ದೊನ್ನೆಯನ್ನು ಬಗ್ಗಿಸಿ ನೆಲಕ್ಕೆ ಸುರಿದು, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಾ ಈಚೆಗೆ ಬಂದೆ. ಬಂದು ನಿನ್ನ ತಂಡಕ್ಕೆ ಹತ್ತಕ್ಕೆ ಹತ್ತು ಕೊಟ್ಟೆ.

ಇದು ನಿನಗೆ ಗೊತ್ತು. ಅಂದೇ ಗೊತ್ತಾಯಿತು. ನಿನಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಆದರೂ ಇಷ್ಟು ವರ್ಷ ನಾವಿಬ್ಬರೂ ಆ ಮಾತನ್ನು ಎತ್ತಲಿಲ್ಲ. ನೀನು ಎತ್ತದಿದ್ದದ್ದು ನಿನ್ನ ದೊಡ್ಡ ಮನಸ್ಸು. ನಾನು ಎತ್ತದಿದ್ದದ್ದು — ಅದಕ್ಕೆ ಏನೇನೋ ಹೆಸರು ಕೊಟ್ಟುಕೊಂಡು ನೋಡಿದೆ. ಸಂಕೋಚ ಎಂದೆ, ಸಂದರ್ಭ ಬರಲಿಲ್ಲ ಎಂದೆ. ಹೇಡಿತನ ಎನ್ನಲು ಇಷ್ಟು ಕಾಲ ಬೇಕಾಯಿತು.

ನಿನಗೆ ಗೊತ್ತಿಲ್ಲದ್ದೂ ಒಂದಿದೆ. ಅದು ಆ ಒಂದು ದಿನದ ಮಾತಲ್ಲ. ಸಿದ್ದರಬೆಟ್ಟದ ತಪ್ಪಲಿನಲ್ಲಿ ನಡೆದ ನಿನ್ನ ಮೊದಲ ಶಿಬಿರದಿಂದಲೂ, ನಿನ್ನ ಕೈಗೆ ಸೌಟು ಬಂದ ಪ್ರತಿ ಸಲವೂ ನಾನು ಹಾಗೆಯೇ ಮಾಡಿದ್ದೆ. ಚಿತ್ರಾನ್ನ, ಅವಲಕ್ಕಿ, ನೀನು ಗಂಟಾಗದಂತೆ ಕಲಕಿದ ಆ ರವೆ ಪಾಯಸ — ಯಾವುದನ್ನೂ ತಿನ್ನಲಿಲ್ಲ. ಎಲ್ಲದಕ್ಕೂ ಅಂಕ ಮಾತ್ರ ಕೊಟ್ಟೆ. ಬೇರೆಯವರಿಗಿಂತ ಒಂದು ಹೆಚ್ಚೇ ಕೊಟ್ಟೆ.

ಯಾಕೆ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಈ ಮಾತಿಗೆ ಅರ್ಥವಿಲ್ಲ. ನೀನು ದಲಿತರ ಮನೆಯ ಹುಡುಗಿ ಎಂಬುದಕ್ಕೆ. ಬೇರೆ ಕಾರಣ ಇರಲಿಲ್ಲ.

ನಾನು ಆಗ ಮಧುಗಿರಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ, ಜೊತೆಗೆ ಗೈಡ್ ಹುಡುಗಿಯರ ಕ್ಯಾಪ್ಟನ್. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ — ನಾಲ್ಕೂ ತಾಲ್ಲೂಕಿನಲ್ಲಿ ಮಕ್ಕಳನ್ನು ಶಿಬಿರಕ್ಕೆ ಕರೆದುಕೊಂಡು ಹೋಗುತ್ತಿದ್ದವಳು. ಡೇರೆ ಹೊಡೆಯುವುದು, ಗಂಟು ಹಾಕುವುದು ಎಲ್ಲರಿಗೂ ಬರುತ್ತಿತ್ತು. ಅಡುಗೆ ಪಾಳಿ ಹಂಚುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಇರಲಿಲ್ಲ ಎಂದು ಹೆಸರು. ಆ ಹೆಸರಿನ ಮೇಲೆ ನನಗೆ ಬಹಳ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ಬರುವ ಮೊದಲು ಶಿಬಿರಗಳಲ್ಲಿ ಒಂದು ಚಾಳಿ ಇತ್ತು. ಕೆಲವು ಮಕ್ಕಳು ಯಾವಾಗಲೂ ನೀರು, ಸೌದೆ, ಪಾತ್ರೆ. ಕೆಲವು ಮಕ್ಕಳು ಯಾವಾಗಲೂ ಒಲೆ. ಯಾರೂ ಏನೂ ಹೇಳುತ್ತಿರಲಿಲ್ಲ, ಅದು ತಾನಾಗಿ ನಡೆದುಹೋಗುತ್ತಿತ್ತು. ಬಂದ ವರ್ಷವೇ ನಾನು ಅದನ್ನು ಮುರಿದೆ. ನಾಲ್ಕು ತಂಡ, ನಾಲ್ಕು ಒಲೆ. ಇಂದು ನೀರು ಹೊತ್ತವಳು ನಾಳೆ ತರಕಾರಿ ಹೆಚ್ಚಬೇಕು, ನಾಡಿದ್ದು ಒಲೆಯ ಮುಂದೆ ಕೂರಬೇಕು. ಯಾರ ಮನೆಯ ಹುಡುಗಿಯಾದರೂ ಸರಿ. ಇಬ್ಬರು ಮೂವರು ಅಪ್ಪಂದಿರು ಶಾಲೆಗೆ ಬಂದು ಗೊಣಗಿದರು. 'ಮಗು ಕಲೀಬೇಕಾ ಬೇಡ್ವಾ? ಬೇಡ ಅಂದ್ರೆ ಕರ್ಕೊಂಡ್ಹೋಗಿ' ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದೆ. ಅಷ್ಟು ಧೈರ್ಯ ನನಗೆ ಇತ್ತು ನೋಡು. ಊರಿನ ಮುಂದೆ ಇತ್ತು. ನನ್ನ ಗಂಟಲಿನೊಳಗೆ ಮಾತ್ರ —

ಮಕ್ಕಳು ನಿನ್ನ ಅಡುಗೆ ಉಂಡರು. ಬೆರಳು ನೆಕ್ಕಿಕೊಂಡು ಉಂಡರು. ನಾನೊಬ್ಬಳು ಉಣ್ಣಲಿಲ್ಲ.

ನಾನು ಮಾಡಿದ ನಿಯಮಗಳು ಇನ್ನೂ ಎರಡು ಇದ್ದವು. ಒಮ್ಮೆ ಒಂದೇ ಸಾರಿಗೆ ಮೂವರು ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಉಪ್ಪು ಸುರಿದು ಅಡುಗೆಯೆಲ್ಲ ಹಾಳಾಗಿತ್ತು. ಅಂದಿನಿಂದ, ಅಡುಗೆ ಮಾಡುವವಳು ಉಪ್ಪು ಮುಟ್ಟಬಾರದು, ತಂಡದಲ್ಲಿ ಉಪ್ಪು ಹಾಕಲು ಒಬ್ಬಳೇ ಇರಬೇಕು ಎಂದು ಮಾಡಿದೆ. ಇನ್ನೊಂದು ನನ್ನ ತವರಿನಿಂದ ತಂದದ್ದು. ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ಬಡಿಸುವ ಮೊದಲು ಬಾಯಿಗಿಡುತ್ತಿರಲಿಲ್ಲ, ಎಂಜಲಾಗುತ್ತದೆ ಎಂದು. ಶಿಬಿರದಲ್ಲೂ ಹಾಗೆಯೇ. ಮೊದಲು ಅಡುಗೆ ಮಾಡಿದವಳು ಮುತ್ತುಗದ ದೊನ್ನೆಯಲ್ಲಿ ಸ್ವಲ್ಪ ತಂದು, ಸೆಲ್ಯೂಟ್ ಹೊಡೆದು ನನ್ನ ಕೈಗೆ ಕೊಡಬೇಕು. ನಾನು ರುಚಿ ನೋಡಿ, ಕೊರತೆ ಇದ್ದರೆ ಹೇಳಿ, ಅಂಕ ಕೊಟ್ಟ ಮೇಲೆಯೇ ಎಲ್ಲರೂ ಊಟಕ್ಕೆ ಕೂರಬೇಕು. ಅಂದರೆ, ಇಡೀ ಶಿಬಿರದಲ್ಲಿ ಅಡುಗೆಯ ರುಚಿ ಮೊದಲು ತಿಳಿಯಬೇಕಾದ ನಾಲಿಗೆ ನನ್ನದೊಂದೇ.

ನೀನು ಎಂಟನೇ ತರಗತಿಯಲ್ಲಿ ನಮ್ಮ ದಳಕ್ಕೆ ಸೇರಿದೆ. ಹೆಸರು ಬರೆದುಕೊಳ್ಳುವಾಗ ಕೇಳದೇ ಇದ್ದರೂ ಹೇಳಿದ್ದೆ: 'ಬುದ್ಧನ್ಗೆ ಪಾಯಸ ಕೊಟ್ಟೋಳ್ ಹೆಸ್ರು ಮಿಸ್. ನಮ್ಮಪ್ಪ ಇಟ್ಟಿದ್ದು. ನಮ್ಮನೇಲಿ ಬುದ್ಧನ ಫೋಟೋ ಐತೆ.' ಎಷ್ಟು ಸಲೀಸಾಗಿ ಹೇಳಿದೆ! ಆ ಮಾತಿನಲ್ಲಿ ನಿನಗೆ ಹೆಮ್ಮೆ ಬಿಟ್ಟು ಬೇರೇನೂ ಇರಲಿಲ್ಲ. ನಾನು 'ಚೆನ್ನಾಗಿದೆ ಕಣಮ್ಮ ಹೆಸರು' ಎಂದೆ. ಎನ್ನುವಾಗಲೇ ಒಳಗೆ ಯಾವುದೋ ಲೆಕ್ಕ ಹಾಕಿಕೊಂಡೆ. ನೀನು ಯಾವ ಕೇರಿಯವಳೆಂದು ಗುರುತು ಹಾಕಿಕೊಂಡೆ. ಈಗ ಆ ಗಳಿಗೆ ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಿನ್ನಂಥ ಹುಡುಗಿ ನನಗೆ ಮತ್ತೆ ಸಿಗಲಿಲ್ಲ, ಸುಜಾತ. ನೀನು ಹಸಿ ಸೌದೆಯನ್ನೂ ಉರಿಸುತ್ತಿದ್ದೆ. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. 'ಮಿಸ್, ನೀವು ಕೋಪ ಬಂದಾಗ ನಮ್ಮಜ್ಜಿ ತರಾನೇ ಕಾಣ್ತೀರ' ಎಂದು ಎಲ್ಲರ ಮುಂದೆ ಅಂದವಳು ನೀನೊಬ್ಬಳೇ. ನಾನು ಗದರಿಸಿದೆ. ಡೇರೆಯೊಳಕ್ಕೆ ಹೋಗಿ ನಕ್ಕೆ. ನನಗೆ ಮಕ್ಕಳಿಲ್ಲ, ನಿನಗೆ ಗೊತ್ತು. ಬಿಡುವಿನ ದಿನಗಳಲ್ಲಿ ಶಿಬಿರ ಯಾವಾಗ ಬರುತ್ತದೋ ಎಂದು ನಾನು ಕಾಯುತ್ತಿದ್ದದ್ದು ಗಂಟು, ಡೇರೆಗಳಿಗಲ್ಲ. ನಿನ್ನ ಮಾತಿಗೆ ಕಾಯುತ್ತಿದ್ದೆ. ಅಷ್ಟು ಇಷ್ಟಪಟ್ಟವಳ ಕೈಯ ಅನ್ನವನ್ನೇ — ಇದು ಹೇಗೆ ಒಂದೇ ಮನಸ್ಸಿನಲ್ಲಿ ಜೊತೆಗಿತ್ತೋ, ನನಗೆ ಇಂದಿಗೂ ತಿಳಿಯದು.

ನೀನು ಒಂಬತ್ತನೇ ತರಗತಿಗೆ ಬಂದ ವರ್ಷ ನಾಗಲಮಡಿಕೆಯ ಹತ್ತಿರ ಹೊಳೆಯ ದಡದಲ್ಲಿ ಶಿಬಿರ ಹಾಕಿದೆವು. ಹೊಳೆಯಲ್ಲಿ ನೀರಿರಲಿಲ್ಲ, ಮರಳು ಇತ್ತು. ಮರಳು ತೋಡಿ ಒರತೆ ತೆಗೆದು ನೀರು ತರಬೇಕಿತ್ತು. ಹೊರಡುವುದಕ್ಕೆ ಒಂದು ವಾರ ಮೊದಲೇ ನೀನು ನನ್ನ ಹಿಂದೆ ಬಿದ್ದಿದ್ದೆ. 'ಮಿಸ್, ಈ ಸಲ ನಮ್ಮವ್ವ ಮಾಡೋ ಹುರುಳಿಕಾಳ್ ಬಸ್ಸಾರು ಮಾಡ್ತೀನಿ. ನೀವು ಬರೀ ರುಚಿ ನೋಡಿ ಹೋಗ್ಬಾರ್ದು. ನಮ್ ತಂಡದ ಜೊತೆ ಕೂತು ಉಣ್ಬೇಕು. ಯಾವಾಗ್ಲೂ ಬೇರೆ ತಂಡದೋರ ಜೊತೇನೆ ಕೂರ್ತೀರ ನೀವು.'

ಅದನ್ನು ನೀನು ಗಮನಿಸಿದ್ದೆ. ಅದಕ್ಕೆ ಅರ್ಥ ಹಚ್ಚಿರಲಿಲ್ಲ, ಅಷ್ಟೆ. ನಾನು 'ಆಗಲಿ ಕಣೇ, ಖಂಡಿತ' ಎಂದೆ.

ಆ ಮಧ್ಯಾಹ್ನ ನನಗೆ ಪೂರ್ತಿ ನೆನಪಿದೆ. ನೀನು ಹೊಳೆಯ ಚಪ್ಪಟೆ ಕಲ್ಲೊಂದನ್ನು ಉಜ್ಜಿ ತೊಳೆದು ಅದರ ಮೇಲೆ ಬೆಳ್ಳುಳ್ಳಿ, ಜೀರಿಗೆ, ಸುಟ್ಟ ಮೆಣಸಿನಕಾಯಿ ಅರೆದೆ. ಕಾಳು ಬೇಯಿಸಿ, ಕಟ್ಟು ಬಸಿದು, ಅದಕ್ಕೆ ಅರೆದದ್ದನ್ನು ಹಾಕಿ ಕುದಿಸಿದೆ. ಆ ವಾಸನೆಗೆ ಉಳಿದ ಮೂರು ಒಲೆಯ ಹುಡುಗಿಯರೂ ತಿರುಗಿ ತಿರುಗಿ ನೋಡುತ್ತಿದ್ದರು. ನಿಮ್ಮ ತಂಡದಲ್ಲಿ ಉಪ್ಪಿನ ಪಾಳಿ ಗೀತಾಳದು. ಆ ಹೊತ್ತಿಗೆ ಅವಳನ್ನು ಒರತೆಗೆ ನೀರು ತರಲು ಓಡಿಸಿದವಳು ನಾನೇ. ಅವಳು ಬಂದವಳು, ನೀನು ಬೇರೆ ಯಾರಿಂದಲೋ ಹಾಕಿಸಿಕೊಂಡಿರಬೇಕೆಂದುಕೊಂಡಳು. ನೀನು, ಅವಳು ಹಾಕಿ ಹೋಗಿದ್ದಾಳೆ ಎಂದುಕೊಂಡೆ. ನಿಯಮದಂತೆ ನೀನು ಬಾಯಿಗಿಟ್ಟು ನೋಡಲಿಲ್ಲ.

ನೀನು ದೊನ್ನೆ ತಂದೆ. ಸೆಲ್ಯೂಟ್ ಹೊಡೆದೆ. ಮೂಗಿನ ತುದಿಯಲ್ಲಿ ಬೆವರು, ಕೆನ್ನೆಯ ಮೇಲೆ ಮಸಿ. ದೊನ್ನೆ ನನ್ನ ಅಂಗೈಯಲ್ಲಿ ಬಿಸಿಯಾಗಿತ್ತು. ನಿನ್ನ ಮುಂದೆಯೇ ಕುಡಿಯಬೇಕೆಂದು ನನಗೆ ಅನ್ನಿಸಿತು, ಸುಜಾತ. ನಂಬು, ಬಿಡು — ಅನ್ನಿಸಿತು. ಬಾಯಿಯಲ್ಲಿ ನೀರೂರಿತ್ತು. ತುಟಿಯವರೆಗೆ ತಂದೆ. ಆಮೇಲೆ ಏನಾಯಿತೋ... 'ಬಿಸಿ ಇದೆ, ಆರಲಿ' ಎಂದು ಮರದ ಹಿಂದಕ್ಕೆ ಹೋದೆ.

ಈಚೆಗೆ ಬಂದು ಎಲ್ಲರೆದುರು ಹೇಳಿದ ಮಾತು ಇದು: 'ಉಪ್ಪು, ಹುಳಿ, ಖಾರ ಎಲ್ಲ ಹದವಾಗಿದೆ ಸುಜಾತ. ನಿಮ್ಮಮ್ಮನ ಕೈರುಚಿ ಬಂದಿದೆ. ಹತ್ತಕ್ಕೆ ಹತ್ತು.'

ಹುಡುಗಿಯರು ಚಪ್ಪಾಳೆ ತಟ್ಟಿದರು. ನೀನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ, ಅಷ್ಟು ಖುಷಿ. ನಾನು ನಿಮ್ಮ ತಂಡದ ಜೊತೆ ಕೂರುತ್ತೇನೆಂದು ಕೊಟ್ಟ ಮಾತನ್ನು ಮರೆತವಳಂತೆ ಬೇರೆ ಸಾಲಿಗೆ ನಡೆದೆ.

ಮೊದಲ ತುತ್ತಿಗೇ ಗಲಾಟೆ ಎದ್ದಿತು. ಗೀತಾ ಕೂಗಿದಳು: 'ಅಯ್ಯೋ, ಉಪ್ಪೇ ಇಲ್ಲ ಕಣ್ರೇ! ಒಂದ್ ಕಾಳ್ ಉಪ್ಪೂ ಬಿದ್ದಿಲ್ಲ!' ಇನ್ನೊಬ್ಬಳು, 'ಮಿಸ್ಸು ಹದವಾಗೈತೆ ಅಂದ್ಬುಟ್ರಲ್ಲೇ, ಅದೆಂಗೆ?' ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಕ್ಕಳಿಗೆ ಅದು ಬರೀ ತಮಾಷೆ.

ನೀನು ನಗಲಿಲ್ಲ. ನಿನ್ನ ತಟ್ಟೆಯಿಂದ ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ನನ್ನ ಕಡೆ ನೋಡಿದೆ. ಆಮೇಲೆ ಎದ್ದು ಹೊಂಗೆ ಮರದ ಹಿಂದಕ್ಕೆ ಹೋದೆ. ಅಲ್ಲಿ ಒದ್ದೆ ಮಣ್ಣು, ಅದರ ಮೇಲೆ ಹುರುಳಿಕಾಳು, ಮಗುಚಿದ ದೊನ್ನೆ. ಅದನ್ನು ಮುಚ್ಚಿಡುವ ಬುದ್ಧಿಯೂ ನನಗೆ ಇರಲಿಲ್ಲ. ನೀನು ಎಷ್ಟು ಹೊತ್ತು ಅಲ್ಲಿ ನಿಂತೆಯೋ. ನಾನು ಕೈಯಲ್ಲಿ ತುತ್ತು ಹಿಡಿದು ಕೂತೇ ಇದ್ದೆ. ಈಗ ಬಂದು ಹೇಳುತ್ತಾಳೆ, ಎಲ್ಲರ ಮುಂದೆ ಹೇಳುತ್ತಾಳೆ — ಅದೊಂದೇ ಭಯ ನನಗಿದ್ದದ್ದು. ನಿನ್ನ ಬಗ್ಗೆ ಯೋಚಿಸಲಿಲ್ಲ.

ನೀನು ಬಂದೆ. ಬಂದು ಹೇಳಿದ್ದು: 'ನಗ್ಬ್ಯಾಡ್ರೇ. ಮಿಸ್ಗೆ ಜ್ವರ. ಬಾಯಿಗೆ ರುಚೀನೇ ಗೊತ್ತಾಗ್ತಿಲ್ಲ ಅಂತ ಬೆಳಗ್ಗೇನೇ ಅಂದಿದ್ರು.'

ನನ್ನ ಮಾನ ಕಾಯಲು ನೀನು ಸುಳ್ಳು ಹೇಳಿದೆ. ಒಂಬತ್ತನೇ ತರಗತಿಯ ಹುಡುಗಿ. ನಿನ್ನ ಅಡುಗೆಯನ್ನು ನೆಲಕ್ಕೆ ಚೆಲ್ಲಿದವಳ ಮಾನ.

ನಾನು ಆ ಸುಳ್ಳನ್ನು ಎರಡೂ ಕೈ ಚಾಚಿ ತೆಗೆದುಕೊಂಡೆ. ಹಣೆ ಮುಟ್ಟಿಕೊಂಡೆ. 'ಹೌದು ಕಣ್ರಮ್ಮ, ಯಾಕೋ ಮೈ ಬಿಸಿ' ಎಂದು ಡೇರೆಗೆ ಹೋಗಿ ಮಲಗಿಬಿಟ್ಟೆ. ಹುಡುಗಿಯರು ಒದ್ದೆ ಬಟ್ಟೆ ತಂದರು, ಗಂಜಿ ಕಾಯಿಸಿ ತಂದರು, ಒಬ್ಬಳು ಕಾಲು ಒತ್ತಿದಳು. ನೀನು ಡೇರೆಯ ಬಾಗಿಲವರೆಗೆ ಬಂದೆ, ಒಳಗೆ ಬರಲಿಲ್ಲ. ಹೊರಗಿನಿಂದಲೇ 'ಹುಷಾರು ಮಿಸ್' ಎಂದು ಹೋದೆ. ಆ ದನಿಯಲ್ಲಿ ಕೋಪ ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ಉಳಿದ ದಿನಗಳಲ್ಲಿ ನೀನು ಒಲೆಯ ಪಾಳಿಯನ್ನು ಗೀತಾಳಿಗೆ ಬಿಟ್ಟುಕೊಟ್ಟು ನೀರು ಹೊತ್ತೆ. ನಾನು ನೋಡಿಯೂ ನೋಡದಂತೆ ಇದ್ದೆ. ಯಾವ ಚಾಳಿಯನ್ನು ಮುರಿದೆನೆಂದು ಮೆರೆಯುತ್ತಿದ್ದೆನೋ ಅದು ನನ್ನ ಕಣ್ಣೆದುರೇ ಮತ್ತೆ ನಡೆಯುತ್ತಿತ್ತು. ಈ ಸಲ ಯಾರೂ ಒತ್ತಾಯ ಮಾಡಿರಲಿಲ್ಲ.

ಊರಿಗೆ ಬಂದ ಮೇಲೆ ನೀನು ದಳ ಬಿಟ್ಟೆ. 'ಮನೇಲಿ ಬ್ಯಾಡ ಅಂದ್ರು ಮಿಸ್' ಎಂದೆ. ನಾನು ಹೆಚ್ಚು ಕೇಳಲಿಲ್ಲ. ಬೇರೆ ಮೇಡಂಗಳು ಕೇಳಿದಾಗ, 'ಏನ್ ಮಾಡೋದು, ಮನೆಯವರು ಕಳಿಸಲ್ಲವಂತೆ' ಎಂದು ನಾನೂ ಅದನ್ನೇ ಹೇಳಿದೆ.

ಇದೂ ನಿನಗೆ ಗೊತ್ತಿಲ್ಲ: ಅದಾದ ಕೆಲವು ತಿಂಗಳಿಗೆ ನಿಮ್ಮೂರು ಪುರವರದ ಬಸ್ ನಿಲ್ದಾಣದಲ್ಲಿ ನಿನ್ನ ತಾಯಿ ನನಗೆ ಸಿಕ್ಕಿದ್ದರು. ಬುಟ್ಟಿ ಕೆಳಗಿಟ್ಟು, ನನ್ನ ಕೈ ಹಿಡಿಯಲು ಬಂದವರು ಹಿಂಜರಿದು ಕೈ ಮುಗಿದರು. 'ನಮ್ ಹುಡ್ಗಿ ಕ್ಯಾಂಪ್ಗೆ ಹೋಗಲ್ಲ ಅಂತ ಹಟ ಹಿಡ್ದವ್ಳೆ ಕಣ್ ಮಿಸ್ಸಮ್ಮ. ಹೋಗು ಅಂತ ನಾವೇ ಹೇಳ್ತೀವಿ. ಅಡ್ಗೇನೂ ಮಾಡ್ತಿಲ್ಲ ಮನೇಲಿ, ಒಲೆ ತಾವ್ಕೇ ಬರಲ್ಲ. ನಿಮ್ಮನ್ನ ಕಂಡ್ರೆ ಪ್ರಾಣ ಅದಕ್ಕೆ. ನೀವಾರಾ ಒಂದ್ ಮಾತ್ ಹೇಳಿ.'

ನಿಮ್ಮ ಮನೆಯಲ್ಲಿ ಯಾರೂ ಬೇಡ ಎಂದಿರಲಿಲ್ಲ ಎಂದು ನನಗೆ ತಿಳಿದದ್ದು ಹಾಗೆ. ನನ್ನ ಗುಟ್ಟನ್ನು ನೀನು ಹೆತ್ತ ತಾಯಿಯಿಂದಲೂ ಮುಚ್ಚಿಟ್ಟಿದ್ದೆ. ಆ ತಾಯಿಯ ಎದುರು ನಿಂತು ನಾನು ಏನು ಹೇಳಿದೆ ಗೊತ್ತೇ? 'ವಯಸ್ಸಿಗೆ ಬಂದ ಹುಡುಗಿಯರು ಹಾಗೇ ಕಣಮ್ಮ. ಬಲವಂತ ಮಾಡಬೇಡಿ.' ಅವರು ತಲೆಯಾಡಿಸಿದರು. ಓದಿದ ಮೇಡಂ ಹೇಳುತ್ತಿದ್ದಾರೆ, ಸರಿ ಇರಬೇಕು ಎಂದುಕೊಂಡಿರಬೇಕು. ಬಸ್ಸು ಬಂತು, ಹತ್ತಿಬಿಟ್ಟೆ. ಚೆಲ್ಲಿದ ಸಾರಿಗಿಂತ ಈ ಮಾತೇ ನನ್ನನ್ನು ಹೆಚ್ಚು ಕಾಡಿದೆ. ಅದು ಕೈಮೀರಿ ನಡೆದುಹೋಯಿತು ಎಂದು ಒಂದು ಕ್ಷಣವಾದರೂ ಹೇಳಿಕೊಳ್ಳಬಹುದು. ಇದನ್ನು ಯೋಚಿಸಿ, ಅಳೆದು ಹೇಳಿದೆ.

ಆಮೇಲೂ ಶಿಬಿರಗಳು ನಡೆದವು. ರುಚಿ ನೋಡುವಾಗ ಮಕ್ಕಳ ಮುಂದೆಯೇ ತಿನ್ನತೊಡಗಿದೆ, ಯಾರ ಮಕ್ಕಳೆಂದು ಕೇಳದೆ ತಿಂದೆ. ಮೊದಲ ಸಲ ಕಷ್ಟವಾಯಿತು, ಎರಡನೆಯ ಸಲ ಆಗಲಿಲ್ಲ. ಇಷ್ಟೇನಾ, ಎನ್ನಿಸಿತು. ಇಷ್ಟೇ ಆಗಿದ್ದರೆ ಅಂದು ಹೊಳೆಯ ದಡದಲ್ಲಿ ಯಾಕೆ ಆಗಲಿಲ್ಲ? ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ನಿನ್ನನ್ನು ಕಳೆದುಕೊಂಡು ಕಲಿತ ಪಾಠದಿಂದ ನಿನಗೇನು ಬಂತು?

ಹುರುಳಿಕಾಳು ತಂದು ಎಷ್ಟು ಸಲ ಆ ಬಸ್ಸಾರು ಮಾಡಲು ನೋಡಿದ್ದೇನೋ. ಮಿಕ್ಸಿ ಬಿಟ್ಟು ಕಲ್ಲಿನಲ್ಲಿ ಅರೆದೆ, ಮೆಣಸಿನಕಾಯಿ ಕೆಂಡದಲ್ಲಿ ಸುಟ್ಟೆ. ವಾಸನೆ ಸುಮಾರಾಗಿ ಹತ್ತಿರ ಬರುತ್ತದೆ. ರುಚಿ ಸರಿಯಾಯಿತೋ ಇಲ್ಲವೋ ನಾನು ಹೇಗೆ ಹೇಳಲಿ? ಯಾವುದಕ್ಕೆ ಹೋಲಿಸಲಿ? ತಟ್ಟೆಯ ಮುಂದೆ ಕೂತು, ತಲೆಯೆತ್ತಿದರೆ ಒಲೆಯ ಹತ್ತಿರ ನೀನು ಮಸಿ ಮೆತ್ತಿದ ಮುಖದಲ್ಲಿ ಏನೋ ಹರಟುತ್ತಾ ಇರಬೇಕು ಎನ್ನಿಸುತ್ತದೆ. ಮನೆಯಲ್ಲಿ ಸದ್ದೇ ಇರುವುದಿಲ್ಲ. ಆ ಹುಡುಗಿ ನನಗೆ ಬೇಕು, ಸುಜಾತ. ನನ್ನನ್ನು ಅಜ್ಜಿ ಎಂದು ಆಡಿಕೊಂಡ ಆ ಹುಡುಗಿ. ಅವಳನ್ನು ಆ ಮರದ ಹಿಂದೆ ನಾನೇ ಬಿಟ್ಟುಬಂದೆ.

ಮೊನ್ನೆ ನಿನ್ನ ಫೋನು ಬಂತು. 'ಮಿಸ್, ನಾನು ಸುಜಾತ' ಎಂದಾಗ ಯಾವ ಸುಜಾತ ಎಂದು ತಿಳಿಯದವಳಂತೆ ನಟಿಸಿದೆ. ಅಷ್ಟು ವರ್ಷದ ಮೇಲೂ ಮೊದಲ ಮಾತೇ ನಟನೆ! ನೀನು ಶಿರಾ ಕಡೆ ಒಂದು ಶಾಲೆಯಲ್ಲಿ ಮೇಡಂ ಆಗಿದ್ದೀಯ, ಗೈಡ್ ದಳ ಕಟ್ಟಿದ್ದೀಯ ಎಂದು ಕೇಳಿ ಎದೆ ತುಂಬಿಬಂತು. 'ಮಕ್ಳದ್ದು ಮೊದಲ್ನೇ ಕ್ಯಾಂಪು ಮಿಸ್, ಬರೋ ಭಾನುವಾರ ಶುರು. ಅಡುಗೆ ಪಾಳಿ ಹೆಂಗ್ ಹಂಚೋದು ಅಂತ ನಿಮ್ ತರ ಯಾರೂ ಹೇಳ್ಕೊಡಲ್ಲ' ಎಂದೆ. ನಾನು ಉತ್ಸಾಹದಲ್ಲಿ ಎಲ್ಲವನ್ನೂ ಹೇಳಿದೆ — ನೀರು, ಸೌದೆ, ಹೆಚ್ಚುವುದು, ಒಲೆ. ನೀನು ಹೂಂಗುಟ್ಟುತ್ತಾ ಕೇಳಿದೆ. ಕೊನೆಗೆ ಮೆಲ್ಲಗೆ ಅಂದೆ: 'ರುಚಿ ನೋಡಿ ಅಂಕ ಕೊಡೋದು ಮಾತ್ರ ನಾನು ಇಟ್ಕೊಂಡಿಲ್ಲ ಮಿಸ್. ಮಕ್ಳ ಜೊತೇನೆ ಕೂತು ಉಂಡ್ಬಿಡ್ತೀನಿ.' ಅದರ ಬೆನ್ನಿಗೇ, 'ಮೊದಲ್ನೇ ದಿನದ ಊಟಕ್ಕೆ ನೀವು ಬರ್ತೀರಾ?' ಎಂದೆ.

'ಮಂಡಿ ನೋವು ಕಣಮ್ಮ. ನೋಡೋಣ' ಎಂದೆ ನಾನು.

'ಆಯ್ತು ಮಿಸ್. ಹುಷಾರು' ಎಂದೆ ನೀನು. ಅಂದು ಡೇರೆಯ ಹೊರಗೆ ನಿಂತು ಹೇಳಿದ ಅದೇ ದನಿ. ನನ್ನ ಸುಳ್ಳು ಸುಳ್ಳೆಂದು ತಿಳಿದೂ, ನನಗೆ ನಾಚಿಕೆಯಾಗದಿರಲೆಂದು ಒಪ್ಪಿಕೊಳ್ಳುವ ದನಿ.

ನನ್ನ ಮಂಡಿಗೆ ಏನೂ ಆಗಿಲ್ಲ.

ಇಷ್ಟು ವರ್ಷ ನಾನು ಒಂದು ಕನಸು ಸಾಕಿಕೊಂಡಿದ್ದೆ. ಒಂದು ದಿನ ನಿನ್ನ ಮನೆಗೆ ಬರುತ್ತೇನೆ, ನೀನು ಬಸ್ಸಾರು ಮಾಡಿ ಬಡಿಸುತ್ತೀಯ, ನಾನು ಹೊಟ್ಟೆ ತುಂಬ ಉಣ್ಣುತ್ತೇನೆ, ಇಬ್ಬರ ಕಣ್ಣಲ್ಲೂ ನೀರು, ಅಲ್ಲಿಗೆ ಎಲ್ಲ ಸರಿಹೋಯಿತು. ಈ ಫೋನಿನ ನಂತರ ಅದನ್ನು ಮತ್ತೆ ನೆನೆದಾಗ ನನಗೇ ಹೇಸಿಗೆಯಾಯಿತು. ಆ ಕನಸಿನಲ್ಲೂ ಬೇಯಿಸುವವಳು ನೀನೇ, ಬಗ್ಗಿ ಬಡಿಸುವವಳು ನೀನೇ. ನಾನು ಕೂತವಳು ಕೂತೇ ಇದ್ದೇನೆ, ಉಂಡು ನಿನಗೇ ಉಪಕಾರ ಮಾಡುವವಳಂತೆ.

ಅದು ಬೇಡ. ಭಾನುವಾರ ಬೆಳಗಿನ ಬಸ್ಸಿಗೆ ಹತ್ತಿ ಶಿರಾಕ್ಕೆ ಬರುತ್ತೇನೆ. ಇಲ್ಲಿ ಒಬ್ಬಳೇ ಕೂತು ಹೇಳಿಕೊಂಡದ್ದನ್ನೆಲ್ಲ ನಿನ್ನೆದುರು ನಿಂತುಕೊಂಡೇ ಹೇಳುತ್ತೇನೆ. ನಿನ್ನ ಮಕ್ಕಳೆದುರು ಹೇಳಬೇಕೋ, ನಿನ್ನೊಬ್ಬಳಿಗೇ ಹೇಳಬೇಕೋ, ನೀನು ಹೇಳಿದಂತೆ. ಪುರವರದಲ್ಲಿ ನಿನ್ನ ತಾಯಿ ಈಗಲೂ ಇದ್ದರೆ, ಹಿಂದಿರುಗುವಾಗ ಅವರ ಬಾಗಿಲಿಗೂ ಹೋಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನನ್ನ ಮಾನ ಉಳಿಸುವುದು ನಿನಗೆ ಚಿಕ್ಕಂದಿನಿಂದ ಅಭ್ಯಾಸ. ಹೇಳಿ ಮುಗಿದ ಮೇಲೆ ಮಕ್ಕಳ ಸಾಲಿನಲ್ಲಿ ನನಗೆ ಜಾಗ ಇದೆಯೋ ಇಲ್ಲವೋ ಎಂಬುದು ನಿನಗೆ ಬಿಟ್ಟದ್ದು. ಇಲ್ಲ ಎಂದರೆ ಮುಂದಿನ ಬಸ್ಸಿಗೆ ಹಿಂದಿರುಗುತ್ತೇನೆ.

ಹೊರಡುವ ಮುಂಚೆ ಮನೆಯಲ್ಲಿ ಏನೂ ತಿನ್ನುವುದಿಲ್ಲ. ಹಸಿದೇ ಬರುತ್ತೇನೆ.